ಪುಟ ಹದಿನಾಕು

ಹನೋಯ್‌ದಿಂದ ಬಂದ ಪಟ್ಟಿ ನಲವತ್ತೊಂದು ಪುಟ.
ಮಗ ಬೆರಳಿಂದ ತಳ್ಳಿಕೋತ ಹೋದ, ಹೋದ,
ಹದಿನಾಕನೇ ಪುಟಕ್ಕ ನಿಂತ.
‘ಕೊನುರ್ ಡಿ.’ ಅಂತ ಬರದಾರ.
ಕೊಣ್ಣೂರದ ಒಂದು ಣ ವಿಮಾನದಾಗ ಕಳದಿರಬೇಕು.

ನಮ್ಮ ದಾನಮ್ಮ.
ಬನಹಟ್ಟಿಯಾಕಿ, ಕಂಡಿಕಿ ಸುತ್ತೋ ಯಲ್ಲವ್ವನ ಮಗಳು,
ನಲವತ್ತಾರು ಕಿಲೋದೊಳಗ.

ಮೊದಲ ಆಟ ಗೆದ್ದಾಳ: ಆರು–ನಾಕು, ಒಂಬತ್ತು–ಎರಡು.
ಮುಂದಿಂದು ಸೋತಾಳ: ಮೂರು–ಐದು, ಎಂಟು–ಏಳು, ಎರಡು–ಮೂರು.
ಸ್ಥಾನ ಒಂಬತ್ತು. ಅದೂ ಒಬ್ಬಾಕಿಗಲ್ಲ,
ಎಂಟು ಹುಡುಗ್ಯಾರಿಗೆ ಕೂಡಿ ಒಂದ ಒಂಬತ್ತು,
ಒಂದು ಹೋಳಿಗಿ ಎಂಟು ಪಾಲು ಮಾಡಿದಂಗ.

ನಾ ಆಟ ಬಲ್ಲಾಕಿ ಅಲ್ಲ. ಶೆಡ್ಡು ನಂದು, ಅಷ್ಟ.
ಹನ್ನೆರಡು ಮಗ್ಗ. ಅವು ನಡಿಯೋ ಹೊತ್ತಿನ್ಯಾಗ
ಬಾಜೂದಾಕಿ ಕೂಗಿದರೂ ಕೇಳಂಗಿಲ್ಲ.
ಕರೆಂಟ್ ಹೋತಂದ್ರ ಸದ್ದು ಒಮ್ಮೆಲೆ ನೆಲಕ್ಕ ಕೂಡತೈತಿ,
ಕಿವಿ ಗುಂಯ್ ಅಂತಾವ,
ಆಗ ಓಣಿ ತುದಿಯಿಂದ ಬರಿಗಾಲು ಓಡಿ ಬರತಾವ.
ನಾವು ಶಾಪ ಹಾಕೋ ಲೋಡ್‌ಶೆಡ್ಡಿಂಗು
ಅವರಿಗೆ ಸಾಲಿ ಗಂಟಿ.

ರಾಜೇಸಾಬ ಸರ್ ಹಗಲಿಗೆ ಡಿಪೋದಾಗ ಬಸ್ಸಿನ ಟಯರ್ ಬಿಚ್ಚತಾರ.
ಮಗ್ಗದ ಸಂದಿನ್ಯಾಗ ಹುಡುಗರನ್ನ ಸಾಲಾಗಿ ನಿಲ್ಲಿಸಿ
ಹನಾ, ದುಲ್, ಸೆತ್ ಅಂತ ಎಣಸತಾರ.
ಅವರ ಬಾಯಾಗ ಕೊರಿಯಾದ ಎಣಿಕಿಗೂ
ಮಹಾಲಿಂಗಪುರದ ಬೆಲ್ಲ ಹತ್ತಿರತೈತಿ.
ತೊಲಿಗೆ ಒಂದು ಚೀಲ. ಚೀಲದಾಗ ನಮ್ಮ ವೇಸ್ಟು:
ಕಡದ ಎಳಿ, ಹರದ ಅಂಚು, ಬಣ್ಣ ತಪ್ಪಿದ ಸೆರಗು.
ಒದ್ದರ ಧೂಳ ಏಳತೈತಿ, ಕೆಂಪು, ಒಮ್ಮೊಮ್ಮೆ ಹಸರು.
ಒದ್ದದ್ದು ಸರಿಯಾಗಿತ್ತಂದ್ರ ಸರ್ ತೊಡಿ ತಟ್ಟತಾರ.
ಅದ ಪಾಯಿಂಟು.
(ಟ್ಯೂಬ್‌ಲೈಟ್ ಒಡದದ್ದಕ್ಕೂ ಒಮ್ಮೆ ತಟ್ಟಿದ್ದರು.
ಅದರ ರೊಕ್ಕ ನಾ ಇನ್ನೂ ಕೇಳಿಲ್ಲ.)

ನಿನ್ನೆ ರಾತ್ರಿ ಫೋನ್ ಹಚ್ಚಿದ್ಳು.
‘ಚಿಗವ್ವಾ, ಇಲ್ಲಿ ಎದಿಗವಚದಾಗ ಮಷೀನ್ ಐತಿ,
ಕಾಲಚೀಲದಾಗೂ ಐತಿ, ಎರಡೂ ಒಪ್ಪಿದರಷ್ಟ ದೀಪ ಹತ್ತತೈತಿ.
ಕಡೀ ಸುತ್ತಿನ್ಯಾಗ ನಾ ಒದ್ದೆ.
ಆಕಿ ಉಸಿರು ಹೊರಗ ಬಿದ್ದದ್ದು ನನಗ ಕೇಳಿಸ್ತು.
ಮಷೀನಿಗೆ ಕೇಳಲಿಲ್ಲ.’
ಅಳತಾಳೇನೋ ಅಂತ ಸುಮ್ಮನಾದೆ. ಅಳಲಿಲ್ಲ.
ತಂದ ಶೇಂಗಾ ಚಟ್ನಿ ಮುಗದಾವ ಅಂದ್ಳು.

ಕರೆಂಟ್ ಇಲ್ಲದಾಗ ಕಲತ ಒದಿಕಿ
ಕರೆಂಟಿನ ಕಿವಿಗೆ ಹೆಂಗ ಮುಟ್ಟಬೇಕು?
ಅದನ್ನ ಯಾರನ್ನ ಕೇಳಲಿ.

ಯಲ್ಲವ್ವ ಬಂದ್ಳು, ಕೈಗೆ ನೂಲಿನ ನಾರು ಹತ್ತಿದಂಗ.
‘ಗೆದ್ದಳೋ ಸೋತಳೋ ಒಂದ ಮಾತಿನ್ಯಾಗ ಹೇಳು.’
ಒಂದ ಮಾತಿನ್ಯಾಗ ಹೇಳಾಕ ಬರಲಿಲ್ಲ ನನಗ.
ಹದಿನಾಕನೇ ಪುಟ ತಗದು ಫೋನ್ ಕೈಗೆ ಕೊಟ್ಟೆ.
ಆಕಿಗೆ ಓದಾಕ ಬರಂಗಿಲ್ಲ.
ಬಟ್ಟಿಯೊಳಗ ಎಳಿ ತಪ್ಪಿದ ಜಾಗ ಹುಡುಕತಾಳಲ್ಲ, ಹಂಗ
ಹೆಬ್ಬೆರಳಿಂದ ಆ ಸಾಲು ಸವರಿದ್ಳು.
ಪುಟ ಸರೀತು. ಹದಿನೈದು.
ಬ್ಯಾರೆ ಯಾರೋ ಅವ್ವಂದಿರ ಮಕ್ಕಳು.

ಅಷ್ಟರಾಗ ಕರೆಂಟ್ ಹೋತು.
ಬರಿಗಾಲು ಬಂದವು, ಹನ್ನೊಂದು ಜೋಡಿ.
ಅದರಾಗ ಎಲ್ಲಾರಗಿಂತ ಸಣ್ಣಾಕಿ ಒಬ್ಬಾಕಿ,
ಹಲ್ಲು ಬಿದ್ದಾಕಿ, ಚೀಲದ ಬದಿ ಹೋಗಲಿಲ್ಲ;
ಸೀದಾ ನನ್ನ ಮುಂದ ಬಂದು ನಿಂತು ಕೇಳಿದ್ಳು:
‘ಆ ಕಾಲಚೀಲ ಜೋಡಿಗೆ ಎಷ್ಟಂತ ರೀ?’