ಎರಡನೇ ಚಾನೆಲ್

ವಿರಾಜಪೇಟೆಯ ಚರ್ಚೊಂದು ಮಾರಿದ ಹಳೇ ಮಿಕ್ಸರು.
ನಾಬ್‌ಗಳ ಕೆಳಗೆ ಬಿಳಿ ಪಟ್ಟಿ, ನೀಲಿ ಶಾಯಿ, ಯಾರದೋ ದುಂಡಕ್ಷರ:
ಫಾದರ್. ಕ್ವಾಯರ್. ಕೀಬೋರ್ಡ್.
ಕೊನೆಯದರ ಕೆಳಗೆ ಬರೀ ಪ್ರಶ್ನೆ ಚಿಹ್ನೆ.
ಫಾದರ್ ತಿರುಗಿಸಿದರೆ ಕರಕರ, ಗಂಟಲು ಕೆರೆದ ಹಾಗೆ.
ಸ್ಪಿರಿಟ್ಟು ಬಿಟ್ಟೆ. ಸ್ವಲ್ಪ ಸುಧಾರಿಸಿತು.

ಮೂರ್ನಾಡಿನ ಗೊಬ್ಬರದಂಗಡಿಯ ಮಾಳಿಗೆ;
ಗೋಡೆಗೆ ಕಾಫಿಚೀಲ, ಕಿಟಕಿಗೆ ಕಂಬಳಿ.
ಮೈಕಿನ ತಂತಿ ಒಳಗೆ, ಎರಡು ತಂತಿ ಕಂಪ್ಯೂಟರಿಗೆ,
ಇನ್ನೆರಡು ಅಲ್ಲಿಂದ ವಾಪಸು.
ಬಂದದ್ದನ್ನು ಮತ್ತೆ ಅದೇ ದಾರಿಗೆ ಬಿಟ್ಟರೆ
ಒಂದು ಕೆಮ್ಮು ನೂರು ಕೆಮ್ಮಾಗಿ ಕಿವಿ ಸೀಳುತ್ತದೆ.
ಇದನ್ನು ಕಲಿತದ್ದು ಪುಸ್ತಕದಿಂದಲ್ಲ.

ಆಮೇಲೆ ಆ ಗುಂಯ್ ಎನ್ನುವ ಸದ್ದು.
ಮಾರ್ಚ್ ತಿಂಗಳು, ಹೂಮಳೆ ಬಂದಿಲ್ಲ,
ತೋಟತೋಟದಲ್ಲೂ ಸ್ಪ್ರಿಂಕ್ಲರ್ ಎಂಜಿನ್ನು, ಅದೇ ಇರಬೇಕು ಎಂದುಕೊಂಡೆ.
ರಾತ್ರಿ ಅವು ನಿಂತ ಮೇಲೂ ಇದು ನಿಲ್ಲಲಿಲ್ಲ.
ನಾಪೋಕ್ಲಿನ ಕುಂಞಮ್ಮದ್ ಬಂದ, ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡು
ಮನೆಯೆಲ್ಲ ಸುತ್ತಿ, ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು
"ನಿಮ್ಮ ಅರ್ತಿಂಗಿಗೆ ಬಾಯಾರಿದೆ ಮಾರಾಯ್ರೆ" ಎಂದ.
ಗುಂಡಿಗೆ ಉಪ್ಪು, ಇದ್ದಿಲು, ನಾಲ್ಕು ಕೊಡ ನೀರು.
ಮೇಲೆ ಬಂದು ಹೆಡ್‌ಫೋನ್ ಹಾಕಿದರೆ ಏನೂ ಇಲ್ಲ.
ಆ ಏನೂ ಇಲ್ಲದ್ದನ್ನೇ ಎರಡು ನಿಮಿಷ ಕೇಳಿದೆ.

ಪೂವಕ್ಕ ಬಂದದ್ದು ಬುಧವಾರ,
ಎಲೆಯಡಿಕೆ ಉಗುಳಿ, ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟು.
ಮೊಮ್ಮಗಳ ಮದುವೆಗೆ ಸೋಬಾನೆ ಬೇಕಂತೆ, ಪೆನ್‌ಡ್ರೈವಿನಲ್ಲಿ.
"ಹಾಡಿ ಅಕ್ಕ, ಮನೆಯಲ್ಲಿ ಹಾಡಿದ ಹಾಗೆ."
ಹಸಿರು ದೀಪ, ಹಸಿರು, ಹಳದಿ,
ಎತ್ತರದ ಎಳೆತಕ್ಕೆ ಪಕ್ಕನೆ ಕೆಂಪು.
ಗೇನ್ ಒಂದು ಕೂದಲಷ್ಟು ಇಳಿಸಿದೆ.

ಎರಡನೇ ಸಾಲಿಗೆ ನಿಲ್ಲಿಸಿಬಿಟ್ಟರು.
"ಎಂತ ಇದು, ನನ್ನ ಹಿಂದೆ ಯಾರು ಹಾಡುದು?"

ತಪ್ಪು ನನ್ನದು. ಕಂಪ್ಯೂಟರಿನಿಂದ ಮರಳುವ ದನಿ
ಎರಡನೇ ಚಾನೆಲ್ಲಿನಲ್ಲಿ ತೆರೆದೇ ಇತ್ತು;
ಹೋಗಿ ಬರುವಷ್ಟರಲ್ಲಿ ಚೂರು ತಡ.
ಮುಚ್ಚಲು ಬೆರಳಿಟ್ಟೆ.
ಬೆರಳ ಮೇಲೆ ಅವರ ಬೆರಳು.
"ಇರ್ಲಿ. ಬೊಳ್ಳವ್ವನೂ ಹೀಗೇ.
ನಾನು ಸಾಲು ಮುಗಿಸುವ ಮೊದಲೇ ಬಾಯಿ ಹಾಕ್ತಿದ್ದಳು."

ಬೊಳ್ಳವ್ವ ಈಗೆಲ್ಲಿ ಎಂದು ನಾನು ಕೇಳಲಿಲ್ಲ.
"ಇನ್ನೊಂಚೂರು ತಡ ಮಾಡ್ಲಿಕ್ಕೆ ಆಗ್ತದಾ?"
ತಡ ತೆಗೆಯಲೆಂದೇ ಮೂರು ತಿಂಗಳು ಒದ್ದಾಡಿದವನು
ಬಫರನ್ನು ಎರಡು ಸಾವಿರದ ನಲವತ್ತೆಂಟಕ್ಕೆ ಏರಿಸಿದೆ.
"ಇದಕ್ಕಿಂತ ಆಚೆ ಹೋಗುವುದಿಲ್ಲ ಅಕ್ಕ."
"ಸಾಕು. ಅವಳಿಗೆ ಯಾವಾಗ್ಲೂ ಅವಸರವೇ."

ಇಪ್ಪತ್ತೆರಡು ನಿಮಿಷ ಹಾಡಿದರು.
ನಡುವೆ ಒಮ್ಮೆ ನಕ್ಕರು,
ಒಮ್ಮೆ ಯಾರಿಗೋ ಹುಬ್ಬು ಗಂಟಿಕ್ಕಿ ತಾಳ ತೋರಿಸಿದರು.

ರಾತ್ರಿ ಪರದೆಯ ಮೇಲೆ ಬಿಡಿಸಿದರೆ ಒಂದೇ ದನಿ.
ಎರಡನೇ ಚಾನೆಲ್ಲು ಅವರ ಕಿವಿಗೆ ಮಾತ್ರ ಹೋಗುವ ಹಾಗಿತ್ತು, ಫೈಲಿಗಲ್ಲ.
ಪ್ರತಿ ಸಾಲಿನ ತುದಿಗೂ ಒಂದು ಸಪಾಟು ಗೆರೆ,
ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಷ್ಟು ಅಗಲ.

ಮದುವೆಗೆ ಕೊಟ್ಟದ್ದರಲ್ಲಿ ಆ ಗೆರೆಗಳನ್ನು ಕತ್ತರಿಸಿದೆ.
ನನ್ನ ಹತ್ತಿರದ್ದರಲ್ಲಿ ಇಲ್ಲ.

ಕ್ವಾಯರ್ ಎಂಬ ಪಟ್ಟಿ ಉಗುರಿಗೆ ಏಳಲಿಲ್ಲ,
ಅದರ ಮೇಲೆಯೇ ಬರೆದೆ: ಬೊಳ್ಳವ್ವ.
ಪೂವಕ್ಕ ಹಾಡಿದ ನಾಬಿನ ಕೆಳಗೆ
ಫಾದರ್ ಇನ್ನೂ ಹಾಗೇ ಇದ್ದಾರೆ.