ಅಳತೆಯ ವಹಿ

ಎದಿ ಮೂವತ್ತಾರು, ನಡ ಮೂವತ್ತು, ತೋಳು ಒಂಬತ್ತು.
ಅದರ ಕೆಳಗ, ಅದೇ ಪೆನ್ಸಿಲ್ಲಿನಿಂದ:
ಮೂರನೇ ಸಂದಿ, ದೀಪ ಇಲ್ಲ, ದಸರೇದಿಂದ.
ನನ್ನ ಹಂತೇಕ ಇದ್ದದ್ದು ಒಂದೇ ವಹಿ.
ಪ್ರಚಾರಕ್ಕಂತ ಬ್ಯಾರೆ ಕೊಳ್ಳೂದು ಮರತೆ.

ವಾಸ್ಕೋದ ಗುಡ್ಡದ ಮ್ಯಾಲೆ, ಬಂದರ ಕಾಣುವ
ತಗಡಿನ ಖೋಲಿಯೊಳಗ ಹದಿನೆಂಟು ವರ್ಷ ಹೊಲದೇನಿ.
ಯಾರ ಬೆನ್ನು ಬಾಗೇತಿ, ಯಾರ ಹೊಟ್ಟ್ಯಾಗ ಕೂಸೈತಿ,
ಮನಿಮಂದಿಗಿಂತ ಮೊದಲ ನನ್ನ ಟೇಪಿಗೆ ಗೊತ್ತು.
ಅದಕ್ಕ ನಿಂದ್ರು ಅಂದ್ರು. ನಿಂತೆ.

ಬೇಡಿದ ಚಿಹ್ನೆ ಹೊಲಿಗಿ ಮಿಷನ್ನು.
ಚೀಟಿ ಎತ್ತಿದಾಗ ಅದು ಹೋತು ಇನ್ನೊಬ್ಬರಿಗೆ,
ಜೀವನದಾಗ ಒಂದ ಗುಂಡಿ ಹಚ್ಚಿದವರಲ್ಲ ಅವರು.
ನನಗ ಬಂದದ್ದು ಬಕೀಟು.
"ಖಾಲಿದೋ, ತುಂಬಿದ್ದೋ?" ಅಂದ
ನೀರಿನ ಪಾಳಿಯೊಳಗಿನ ಮೌಲಾಸಾಬ, ನಸಿಕಿನ ನಾಕಕ್ಕ.
ನಕ್ಕೆವು. ನಳ ಕೆಮ್ಮಿತು. ಬರೇ ಗಾಳಿ.
ಬರಕೊಂಡೆ: ನೀರು, ನಾಕಕ್ಕ ಅಂತಾರ, ಐದೂವರಿಗೂ ಇಲ್ಲ.

ಪೋಸ್ಟರ್ ಮಾಡುವ ಹುಡುಗ
ನನ್ನ ಹೆಸರು ಕೇಳಿ ಕೈ ನಿಲ್ಲಿಸಿದ.
"ಯಮನವ್ವ? ಯಮನ ಹೆಸರಿಲೆ ಓಟು ಕೇಳ್ತೀರೇನು ಬಾಯಿ?"
ಯಮುನಾ ಅಂತ ಹಾಕಿದ. ನೂರು ಹಾಳಿ.
ಗ್ವಾಡಿ ತುಂಬ ನನ್ನ ಮಾರಿ, ಕೆಳಗ ಯಾವುದೋ ಹೊಳಿ.

ಸೋಮ್ಲಿಬಾಯಿ ಹೇಳಿದ್ಲು: ಸಂಡಾಸಕ್ಕ ಚಿಲಕಿಲ್ಲ,
ಒಬ್ಬಾಕಿ ಒಳಗಿದ್ರ ಒಬ್ಬಾಕಿ ಹೊರಗ
ಹಾಡು ಹೇಳ್ಕೋತ ನಿಂದ್ರಬೇಕು.
ತಿಪ್ಪಣ್ಣನ ಮಗ: ಶಾಲಿ ದಾಖಲೆಯೊಳಗ ಊರು ತಪ್ಪೈತಿ.
ಇದು ನಮ್ಮ ವಾರ್ಡಿನ ಕೆಲಸಲ್ಲ ಅನ್ನಬೇಕಿತ್ತು. ಬರಕೊಂಡೆ.
ಗಂಡ ಕುಡೀತಾನ ಅಂದಾಕಿದೂ ಬರಕೊಂಡೆ.
ತಿರುವಿನ ಗಟಾರ, ಹಾಸುಗಲ್ಲು ಮುರದೈತಿ;
ಬಿದ್ದವರು ಎರಡು ಮಂದಿ, ಒಂದು ಆಡು.
ಟೇಪು ಬಿಟ್ಟು ಅಳದೆ: ನಲವತ್ತೆರಡು.
ಬರಕೊಳ್ಳೂದು, ಮಾಡೂದು, ಎರಡರ ನಡುವ
ಎಷ್ಟು ಇಂಚು ಅಂತ ಆಗ ಗೊತ್ತಿರಲಿಲ್ಲ.

ಗುಡ್ಡದ ಬುಡಕ ಹಂಚಿನ ಮನಿ.
ಎರ್ಮೆಲಿಂದಾ ಬಾಯಿ ಗೇಟು ತಗೀಲಿಲ್ಲ.
"ಘಾಟಿ" ಅಂದ್ಲು, ನನಗಲ್ಲ, ನಾಯಿಗೆ ಹೇಳಿದಂಗ.
ನಲವತ್ತು ವರ್ಷ ನೋಡ್ಯಾಳ ಆಕಿ,
ನಮ್ಮಂದಿ ರೈಲಿಳಿಯೂದು, ಗುಡ್ಡ ಏರೂದು.
ಸಿಟ್ಟು ನನಗೂ ಬಂತು. ಚೀಟಿ ಸಿಗಿಸಿ ತಿರುಗಿದೆ.
"ರಾವ," ಅಂದ್ಲು. ನಿಂತೆ.
ಕಿಟಕಿಯ ಅಂಚಿನ ಮ್ಯಾಲೆ ಬೆರಳೆಳದು ತೋರಿಸಿದ್ಲು.
ಕರ್ರಗ. ಬಂದರದ ಕಲ್ಲಿದ್ದಲು.
ಮುಂಜಾನೆ ಒರಸಿದ್ದಂತ. ಇನ್ನೂ ಹನ್ನೊಂದಾಗಿಲ್ಲ.
ಆಕಿಗೆ ಕನ್ನಡ ಬರಂಗಿಲ್ಲ, ನನ್ನ ಕೊಂಕಣಿ ಸಂತೀಗಷ್ಟ.
ವಹಿ ತಗದು ಕೊಟ್ಟೆ.
ಪೆನ್ಸಿಲ್ ಬ್ಯಾಡಂತ ಬೆರಳನ್ನ ಒತ್ತಿದ್ಲು,
ಯಾರದೋ ಲಂಗದ ಅಳತೆಯ ಮ್ಯಾಲೆ.
ಬಿಳೇ ಅರಬಿ ಹೊಲಿಯೂದು ನಾನೂ ಬಿಟ್ಟು ವರ್ಷಾದ್ವು,
ಅದನ್ನ ಹೇಳಾಕ ಮಾತು ಸಿಗಲಿಲ್ಲ.

ಸೋತೆ. ಎಪ್ಪತ್ತಮೂರು ಓಟಿನಿಂದ.
ಮಿಷನ್ನಿನವರ ಪಟಾಕಿ ನಮ್ಮ ಸಂದಿಗೂ ಕೇಳಿತು.
ಎಲ್ಲಿ ಉದುರಿದ್ವು ಅಂತ ಒಂದು ರಾತ್ರಿ ಎಣಿಸಿದೆ,
ಡಬ್ಬಿಯ ಗುಂಡಿ ಎಣಿಸಿದಂಗ. ಆಮ್ಯಾಲೆ ಬಿಟ್ಟೆ.
ಹಬ್ಬ ಹತ್ತಿರಿತ್ತು, ಅರಬಿ ಗುಡ್ಡಿ ಬಿದ್ದಿತ್ತು.

ನಿನ್ನೆ ಕಸ್ತೂರೆವ್ವ ಹೊಸ ಕುಪ್ಪಸ ತೊಟ್ಟು
ಬಾಗಿಲಾಗ ಬಂದು ನಿಂತ್ಲು.
ಕಡ್ಡಿಯಂಥಾ ಹೆಂಗಸು. ಎರಡೂ ಕಡೆ ಬಟ್ಟಿ ಜೋತಾಡತಿತ್ತು.
ವಹಿ ತೆರದೆ. ನಲವತ್ತೆರಡು. ನನ್ನದ ಅಕ್ಷರ.
ಹಿಂದಿನ ಸಾಲು ಓದಿ ಹೇಳಿದೆ.
"ನನಗೆಲ್ಲಿ ಹೊಲದೀ ಯವ್ವಾ, ಗಟಾರಕ್ಕ ಹೊಲದೀ!"
ಬಿದ್ದು ಬಿದ್ದು ನಕ್ಕಳು, ನಾನೂ ನಕ್ಕೆ,
ಕಣ್ಣು ಒರಸ್ಕೊಂಡು ಕೇಳಿದ್ಲು: "ಖರೇನ, ಅದು ಏನಾತು?"
"ಹಂಗ ಐತಿ.
ತಡಿ, ಮೊದಲ ಇದನ್ನ ಬಿಚ್ಚತೇನಿ,
ನಾಳೆ ಮುನಸಿಪಾಲ್ಟಿಗೆ ಹೋಗೂಣು. ನೀನೂ ಬಾ."
ಬ್ಲೇಡು ಸಿಗಲಿಲ್ಲ.
ಹಲ್ಲಿಲೇ ದಾರ ಕಡದೆ.