ಕೆಸರೇ, ಕೈ ಬಿಡೇ

ಇನ್ನೂರ ಹನ್ನೆರಡು ತಟ್ಟೆ. ದಿನಾ ಎಣಿಸಿಯೇ ಇಡುತ್ತೇನೆ.
ಪ್ರತಿ ತಟ್ಟೆಯ ನಡುವೆ ಅವಳ ಮುಖದ ಅಚ್ಚು,
ಸುತ್ತ ಬಳಸಿ ಹೆಸರು: ಸುನಿಲ್ಡಾ.
ಮಕ್ಕಳು ಚಮಚದಲ್ಲಿ ಕೆರೆದು ಕೆರೆದು
ಎಷ್ಟೋ ತಟ್ಟೆಗಳಲ್ಲಿ ಮೂಗಿಲ್ಲ ಈಗ.
ಸಿಟ್ಟಿಗಲ್ಲ,
ಅನ್ನ ಬರುವ ತನಕ ಕೈ ಸುಮ್ಮನಿರಬೇಕಲ್ಲ.

ಇದು ಬುಯೆನವೆಂತುರಾ.
ಹಡಗು ಬರುವ ಊರು, ನಲ್ಲಿಗೆ ನೀರು ಬಾರದ ಊರು.
ಕೆಸರಲ್ಲಿ ಕಾಲೂರಿ ನಿಂತ ಹಲಗೆಮನೆಗಳ ಸಾಲಿನಲ್ಲಿ
ಅವಳದು ನಮ್ಮಿಂದ ಮೂರನೆಯದು.
ಅವಳಮ್ಮ ಎತೆಲ್ವಿನಾ, ನನ್ನ ಚಿಕ್ಕಮ್ಮ ಓರ್ಫಿಲಿಯಾ
ಇಳಿತದ ಹೊತ್ತಿಗೆ ಒಂದೇ ದೋಣಿ ಹತ್ತಿ
ಕಾಂಡ್ಲಾ ಬೇರಿನ ಬುಡಕ್ಕೆ ಹೋಗುತ್ತಿದ್ದರು, ಬಳಚು ಹೆಕ್ಕಲು.
ಸೊಳ್ಳೆಗೆ ತೆಂಗಿನ ಸಿಪ್ಪೆಯ ಹೊಗೆ,
ದಣಿವಿಗೆ ಹಾಡು.

ಆ ಹಾಡು ಚಿಕ್ಕಮ್ಮನದು.
ಎರಡು ವರ್ಷದ ಆನ್ಸೆಲ್ಮೋನನ್ನು
ಜ್ವರ ಎತ್ತಿಕೊಂಡು ಹೋದ ವಾರ
ಮೊಣಕೈವರೆಗೆ ಕೆಸರಲ್ಲಿ ತೋಳಿಳಿಸಿ ಕಟ್ಟಿದ್ದು:

        ಕೆಸರೇ, ಕೈ ಬಿಡೇ,
        ಹಸಿದಿದೆ ಮಗು ಎನ್ನುತಿದ್ದೆ ನಿನ್ನೆ,
        ಇಂದೇನ ಹೇಳಲೇ?

ದೋಣಿಯ ಮೂಲೆಯಲ್ಲಿ ಚಿಪ್ಪು ತೊಳೆಯುತ್ತಿದ್ದ
ಏಳು ವರ್ಷದ ಹುಡುಗಿಯ ಕಿವಿ
ಯಾರ ಲೆಕ್ಕದಲ್ಲಿತ್ತು?

ಆಮೇಲಿನದು ಲೋಕಕ್ಕೆ ಗೊತ್ತು.
ಕಾಲಿ ನಗರದ ಮದುವೆಗಳಲ್ಲಿ ಹಾಡಿ ಹಾಡಿ
ಹತ್ತೊಂಬತ್ತಕ್ಕೆ ಒಂದು ಆಲ್ಬಂ, ಯಾರೂ ಕೇಳಲಿಲ್ಲ.
ಕೂದಲಿಗೆ ತಾಮ್ರದ ಬಣ್ಣ, ಮಯಾಮಿಯ ವಿಮಾನ,
ಇಪ್ಪತ್ತೆರಡಕ್ಕೆ ‘ಇರುಳೇ, ಕೈ ಹಿಡಿ’.
ಕೆಸರು ಇರುಳಾಗಿತ್ತು, ಬಿಡು ಎಂಬುದು ಹಿಡಿ,
ಮಗುವಿದ್ದ ಜಾಗದಲ್ಲಿ ಯಾವನೋ ಪ್ರಿಯಕರ,
ಕೆಳಗೆ ಎದೆಗೊದೆಯುವ ಡ್ರಮ್ಮು.
ಮ್ಯಾಡ್ರಿಡ್ ಕುಣಿಯಿತು, ಟೋಕಿಯೋ ಕುಣಿಯಿತು.
ಸುಳ್ಳೇಕೆ, ನಾನೂ ಕುಣಿದೆ, ನನ್ನದೇ ಮದುವೆಯಲ್ಲಿ,
ಚಿಕ್ಕಮ್ಮ ಊಟ ಬಿಟ್ಟು ಎದ್ದು ಹೋದದ್ದು ಕಾಣದೆ.

ಹಿಂದೆಯೇ ದುಡ್ಡು ಬಂತು.
ಟ್ಯಾಂಕು, ಕೊಳವೆ, ಶಾಲೆ, ಇಬ್ಬರು ದಾದಿಯರು, ಈ ಅಡುಗೆಮನೆ.
ಜ್ವರದ ಮದ್ದಿಡುವ ಬಿಳಿ ಕಪಾಟಿನ ಮೇಲೆ
ಅವಳೇ ಬರೆಸಿದ ಹೆಸರು: ಆನ್ಸೆಲ್ಮೋ.
ಚಿಕ್ಕಮ್ಮನಿಗೆ ಓದು ಬಾರದು, ನಾನು ಓದಿ ಹೇಳಿದೆ.
"ಕದ್ದವಳಿಗೆ ನೆನಪಾದರೂ ಇದೆ" ಎಂದಳು.
ಬೈದಳೋ, ಹರಸಿದಳೋ,
ಇಂದಿಗೂ ನನಗೆ ಬಗೆಹರಿದಿಲ್ಲ.

ಶಾಲೆ ತೆರೆದ ದಿನ, ಕ್ಯಾಮೆರಾಗಳ ಎದುರು,
ರಿಬ್ಬನ್ನಿನ ಕತ್ತರಿಯನ್ನು ಚಿಕ್ಕಮ್ಮನ ಕೈಗೇ ಕೊಟ್ಟಳು ಸುನಿಲ್ಡಾ.
ಚಿಕ್ಕಮ್ಮ ಅದನ್ನು ನನಗೆ ದಾಟಿಸಿದಳು
(ಈಗಲೂ ಅದರಲ್ಲೇ ಕೊತ್ತಂಬರಿ ಕತ್ತರಿಸುವುದು)
ಮತ್ತೆ ಅವಳ ಗಲ್ಲ ಹಿಡಿದು ಕೇಳಿದಳು:
"ಮಾತು ಮರೆತೆಯೇನೇ, ಮಾರಿದೆಯೇನೇ?"
ಟಿವಿಯವರು ನಕ್ಕರು, ಮೇಯರ್ ನಕ್ಕ, ಅವಳೂ ನಕ್ಕಳು.
ನಗು ಮುಗಿದ ಮೇಲೂ
ಗಲ್ಲ ಆ ಕೈಯಲ್ಲೇ ಇತ್ತು.

ಒಂಬತ್ತು ವರ್ಷ ಕಳೆದು,
ಗಂಟಲನ್ನು ಡಾಕ್ಟರು ಕೊಯ್ದು ಹೊಲಿದ ಮೇಲೆ
ಬಂತೊಂದು ತೆಳ್ಳನೆ ರೆಕಾರ್ಡು. ಡ್ರಮ್ಮಿಲ್ಲ,
ಹರಕು ದನಿ, ಒಂದು ಮರಿಂಬಾ,
ಕೆಸರು ಕೆಸರೇ, ಬಿಡು ಬಿಡುವೇ, ಮಗು ಮಗುವೇ.
ಮಾರಾಟವಾಗಲಿಲ್ಲವಂತೆ.
ಕವರಿನ ಹಿಂದೆ ಸಣ್ಣಕ್ಷರದಲ್ಲಿ, ರಚನೆ: ಓರ್ಫಿಲಾ.
‘ಯಾ’ ಎಲ್ಲೋ ಜಾರಿ ಬಿದ್ದಿದೆ.
ಆ ಹೆಸರಿಗೆ ಬರುವ ಚಿಲ್ಲರೆ ದುಡ್ಡನ್ನು
ಬ್ಯಾಂಕಿನವನು ಕೊಡಲೊಲ್ಲ, ಗುರುತಿನ ಚೀಟಿ ತಾಳೆಯಾಗದು.
"ಯಾರೋ ಆ ಓರ್ಫಿಲಾ, ಪಾಪ,
ಬಂದು ತಗೊಳ್ಳಲಿ ಬಿಡು" ಎನ್ನುತ್ತಾಳೆ ಚಿಕ್ಕಮ್ಮ.

ಅನ್ನ ತಡವಾದರೆ ಮಕ್ಕಳು ತಟ್ಟೆ ಬಡಿದು
ಹಳೆಯದನ್ನೇ ಕಿರುಚುತ್ತಾರೆ: ಇರುಳೇ, ಕೈ ಹಿಡಿ!
ಬಾಗಿಲ ಬಳಿ ಅಕ್ಕಿ ಆರಿಸುತ್ತ ಕೂತವಳು
ತಿದ್ದುವುದಿಲ್ಲ, ಗದರುವುದಿಲ್ಲ.
ಕಾಲಿನ ಹೆಬ್ಬೆರಳು ಮಾತ್ರ
ಆ ಹಾಳು ಡ್ರಮ್ಮಿನ ಲೆಕ್ಕ ತಪ್ಪದೆ ಇಡುತ್ತದೆ.

ಇವತ್ತು ಇನ್ನೂರ ಹನ್ನೊಂದೇ ತಟ್ಟೆ.
ಯಾರ ಮನೆ ಸೇರಿದೆಯೋ ಒಂದು.
ನಾನು ಕೇಳಲು ಹೋಗುವುದಿಲ್ಲ.